ಹೆಸರು ಸಾಹೇಬರದು, ವಿಳಾಸ ಕಳ್ಳರದು

ಮೂಕರ್ಜಿ ಅಂದರೇನು ಅಂತ ಈ ಜಿಲ್ಲೆಯ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತನಿಂದ ಹಿಡಿದು ಹೈಸ್ಕೂಲಿನ ಹೆಡ್‌ಮಾಸ್ತರವರೆಗೆ ಎಲ್ಲರ ಮೇಲೂ ಒಂದಲ್ಲ ಒಂದು ಸಲ ಮೂಕರ್ಜಿ ಹೋಗಿರುತ್ತದೆ. ಕೆಳಗೆ ಸಹಿ ಇಲ್ಲ, ಹಿಂದೆ ವಿಳಾಸ ಇಲ್ಲ. 'ನೊಂದ ನಾಗರಿಕ' ಅಂತ ಬರೆದಿದ್ದರೆ ಅದೇ ಹೆಚ್ಚು. ಆದರೆ ಮೂಕರ್ಜಿಗೂ ಒಂದು ಮರ್ಯಾದೆ ಉಂಟು. ಅದು ತನ್ನ ಹೆಸರನ್ನು ಮುಚ್ಚಿಡುತ್ತದೆಯೇ ಹೊರತು ಇನ್ನೊಬ್ಬರ ಹೆಸರನ್ನು ಕದಿಯುವುದಿಲ್ಲ.

ಈಗ ಜನರ ಮೊಬೈಲಿಗೆ ಬಂದು ಬೀಳುತ್ತಿರುವ ಕಳ್ಳ ಇಮೇಲುಗಳಿಗೆ ಆ ಮರ್ಯಾದೆಯೂ ಇಲ್ಲ. ಅವಕ್ಕೆ ಸಹಿ ಇದೆ, ಮೊಹರು ಇದೆ, ಮೂರು ಸಿಂಹದ ಲಾಂಛನವೂ ಇದೆ. ಎಲ್ಲವೂ ಬೇರೆಯವರದು! "ನಿಮಗೆ ತೆರಿಗೆ ಹಣ ವಾಪಸು ಬರಬೇಕಿದೆ, ಇಲ್ಲಿ ಒತ್ತಿ" ಎನ್ನುತ್ತದೆ ಒಂದು. "ಕೆವೈಸಿ ಮಾಡಿಸಿಲ್ಲ, ಸಂಜೆಯೊಳಗೆ ನಿಮ್ಮ ಖಾತೆ ಬಂದ್" ಎನ್ನುತ್ತದೆ ಇನ್ನೊಂದು. "ನೀವು ನೋಡಬಾರದ ಚಿತ್ರ ನೋಡಿದ್ದೀರಿ, 24 ಗಂಟೆಯಲ್ಲಿ ಉತ್ತರ ಕೊಡದಿದ್ದರೆ ವಾರಂಟು" ಎಂದು ಸಿಬಿಐ ಹೆಸರಿನಲ್ಲಿ, ದೆಹಲಿ ಪೊಲೀಸರ ಹೆಸರಿನಲ್ಲಿ ಬರುತ್ತದೆ ಮತ್ತೊಂದು. ಓದಿದ ನಿವೃತ್ತ ಮೇಷ್ಟ್ರು ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ. ಹೆಂಡತಿಗೂ ಹೇಳುವುದಿಲ್ಲ, ಮಗನಿಗೂ ಹೇಳುವುದಿಲ್ಲ. ಬೆಳಗಾದರೆ ಪಿಂಚಣಿ ಹಣ ಎತ್ತಿಕೊಂಡು ಕಳ್ಳ ಹೇಳಿದ ಖಾತೆಗೆ ಹಾಕಿ ಬರುತ್ತಾರೆ. ಮಾನಕ್ಕೆ ಹೆದರುವ ಮನುಷ್ಯನೇ ಈ ಖದೀಮರ ಬಂಡವಾಳ.

ಇಂಥ ಕಾಗದ ಕೈಗೆ ಬಂದಾಗ ಅದರಲ್ಲಿ ಏನು ಬರೆದಿದೆ ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಇದು ಬಂದದ್ದು ಎಲ್ಲಿಂದ? ಆ ಪ್ರಶ್ನೆ ಕೇಳುವುದನ್ನು ಜನ ಕಲಿಯಬೇಕು. ಕೇಳಿದವನಿಗೆ ಉತ್ತರ ಸಿಗುವ ಹಾಗೆ ನಮ್ಮ ಕಚೇರಿಗಳು ನಡೆದುಕೊಳ್ಳಬೇಕು. ಎರಡನೆಯದನ್ನು ಯಾರೂ ಮಾತಾಡುತ್ತಿಲ್ಲವಾದ್ದರಿಂದ ಈ ಅಂಕಣದಲ್ಲಿ ಮಾತಾಡಬೇಕಾಗಿದೆ.

ಅಂಚೆಯಣ್ಣ ಕೇಳುವುದಿಲ್ಲ

ಇನ್‌ಲ್ಯಾಂಡ್ ಪತ್ರದ ಹಿಂಭಾಗದಲ್ಲಿ 'ಇಂದ' ಅಂತ ಒಂದು ಜಾಗ ಇರುತ್ತಿತ್ತಲ್ಲ, ನೆನಪಿದೆಯೇ? ಅಲ್ಲಿ ನೀವು 'ಇಂದ, ಮುಖ್ಯಮಂತ್ರಿಗಳು, ಬೆಂಗಳೂರು' ಅಂತ ಬರೆದು ಡಬ್ಬಕ್ಕೆ ಹಾಕಿದ್ದರೂ ಪತ್ರ ಹೋಗಿ ತಲುಪುತ್ತಿತ್ತು. ನೀನು ನಿಜವಾಗಿ ಮುಖ್ಯಮಂತ್ರಿಯೇನಯ್ಯಾ ಅಂತ ಅಂಚೆಯಣ್ಣ ಕೇಳುತ್ತಿರಲಿಲ್ಲ. ಯಾರಿಗೆ ಕೊಡಬೇಕು ಅನ್ನುವುದಷ್ಟೇ ಅವನ ಕೆಲಸ.

ಇಮೇಲಿನ ಕಥೆಯೂ ಅಷ್ಟೇ. ಇಂದಿಗೂ ಇಮೇಲು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವುದು 1982ರಲ್ಲಿ ಅಮೆರಿಕದ ಜಾನ್ ಪೋಸ್ಟೆಲ್ ಬರೆದಿಟ್ಟ ನಿಯಮದ ಬುನಾದಿಯ ಮೇಲೆ. ಆಗ ಆ ಜಾಲದಲ್ಲಿ ಇದ್ದದ್ದು ಕೆಲವೇ ನೂರು ಕಂಪ್ಯೂಟರು. ಎಲ್ಲ ವಿಶ್ವವಿದ್ಯಾಲಯದವರು, ಸಂಶೋಧನೆಯವರು, ಒಬ್ಬರಿಗೊಬ್ಬರು ಗುರುತಿನವರು. ನಂಬಿಕೆಯ ಊರಲ್ಲಿ ಬೀಗ ಯಾಕೆ ಅಂತ ಯಾರೂ ಬೀಗ ಮಾಡಿಸಲಿಲ್ಲ. 'ಇಂದ' ಅನ್ನುವ ಜಾಗದಲ್ಲಿ ಕಳಿಸುವವನು ಏನು ಬರೆದರೆ ಅದೇ ಸರಿ ಎಂದಾಯಿತು. ಊರು ಬೆಳೆಯಿತು, ಲೋಕದ ಕಳ್ಳರೆಲ್ಲ ಬಂದು ಸೇರಿಕೊಂಡರು. ಬಾಗಿಲು ಮಾತ್ರ ಹಳೆಯದೇ!

ಹಾಗಾಗಿ ನಿಮ್ಮ ಮೊಬೈಲಿನ ಪರದೆಯ ಮೇಲೆ 'ಇನ್‌ಕಮ್ ಟ್ಯಾಕ್ಸ್ ಡಿಪಾರ್ಟ್‌ಮೆಂಟ್' ಅಂತ ದಪ್ಪಕ್ಷರದಲ್ಲಿ ಕಂಡರೆ ಅದಕ್ಕೆ ಮೂರು ಕಾಸಿನ ಬೆಲೆಯೂ ಇಲ್ಲ. ಅದು ಕಳಿಸಿದವನು ತನಗೆ ತಾನೇ ಇಟ್ಟುಕೊಂಡ ಹೆಸರು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನೋ ಗಾದೆ ಇಲ್ಲಿಗೆ ಸರಿಹೋಗುತ್ತದೆ. ಹೆಸರಿನ ಹಿಂದೆ ಇರುವ ವಿಳಾಸವನ್ನು ನೋಡಬೇಕು. ಮೊಬೈಲು ಮಾಡುವವರು ಜಾಗ ಉಳಿಸುವ ನೆಪದಲ್ಲಿ ಆ ವಿಳಾಸವನ್ನೇ ಮರೆಮಾಡಿ ಹೆಸರನ್ನಷ್ಟೇ ತೋರಿಸುತ್ತಾರೆ. ಹೆಸರಿನ ಮೇಲೆ, ಇಲ್ಲವೇ ಅದರ ಕೆಳಗಿನ ಸಣ್ಣ ಬಾಣದ ಗುರುತಿನ ಮೇಲೆ ಒತ್ತಿದರೆ ಪೂರ್ತಿ ವಿಳಾಸ ಹೊರಬರುತ್ತದೆ. ಒಂದು ಬೆರಳಿನ ಕೆಲಸ. ಆ ಒಂದು ಬೆರಳನ್ನು ಎತ್ತದೆ ಹಣ ಕಳೆದುಕೊಂಡವರೇ ಹೆಚ್ಚು.

ಊರು ನೋಡಿ, ಮನೆಯ ಹೆಸರು ನೋಡಬೇಡಿ

ವಿಳಾಸ ಕಂಡಿತು. ಈಗ ಓದುವುದು ಹೇಗೆ? ಹಿಂದಿನಿಂದ ಓದಬೇಕು. ಅಂಚೆ ವಿಳಾಸದಲ್ಲಿ ಮೊದಲು ಮನೆಯ ಹೆಸರು, ಆಮೇಲೆ ಬೀದಿ, ಆಮೇಲೆ ಊರು, ಕೊನೆಗೆ ಜಿಲ್ಲೆ ಬರುತ್ತದೆ. ಇಮೇಲಿನ ವಿಳಾಸದಲ್ಲೂ ಅಧಿಕಾರ ಇರುವುದು ಕೊನೆಯಲ್ಲಿ. 'ಅಟ್' ಗುರುತಿನ ಎಡಕ್ಕೆ ಇರುವುದೆಲ್ಲ ಮನೆಯ ಹೆಸರು. ಅದನ್ನು ಆ ಮನೆಯವನು ಏನು ಬೇಕಾದರೂ ಇಟ್ಟುಕೊಳ್ಳಬಹುದು. ಹಳ್ಳಿಯ ಗುಡಿಸಲಿಗೆ 'ವಿಧಾನಸೌಧ' ಅಂತ ಬೋರ್ಡು ಹಾಕಿದರೆ ಯಾರು ಬೇಡ ಅಂತಾರೆ? ಬಲಕ್ಕೆ ಇರುವುದು ಊರು. ಅದರಲ್ಲೂ ಕಟ್ಟಕಡೆಯ ತುಂಡುಗಳೇ ಮುಖ್ಯ.

ಕೇಂದ್ರ ಮತ್ತು ರಾಜ್ಯ ಸರಕಾರದ ಕಚೇರಿಗಳ ವಿಳಾಸ 'ಗವ್ ಡಾಟ್ ಇನ್' ಎಂದೋ 'ನಿಕ್ ಡಾಟ್ ಇನ್' ಎಂದೋ ಮುಗಿಯಬೇಕು. ಮುಗಿಯಬೇಕು ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮಧ್ಯದಲ್ಲಿ ಬಂದರೆ ಸಾಲದು. 'ಇನ್‌ಕಮ್‌ಟ್ಯಾಕ್ಸ್ ಡಾಟ್ ಗವ್ ಡಾಟ್ ಇನ್' ಅಂತ ಶುರುವಾಗಿ, ಅಲ್ಲಿಗೆ ನಿಲ್ಲದೆ, ಮುಂದೆ 'ಡಾಟ್ ರೀಫಂಡ್ ಇನ್ನೇನೋ ಡಾಟ್ ಕಾಂ' ಅಂತ ಬಾಲ ಬೆಳೆದಿದ್ದರೆ, ಆ ಬಾಲವೇ ಯಜಮಾನ. ಮುಂದಿನದೆಲ್ಲ ಬಣ್ಣ. ಕೆಲವು ಕಳ್ಳರು ಇನ್ನೂ ನಾಜೂಕು. ಇಂಗ್ಲಿಷಿನ ಎಮ್ ಅಕ್ಷರದ ಬದಲು ಆರ್ ಮತ್ತು ಎನ್ ಎರಡನ್ನೂ ಒತ್ತೊತ್ತಾಗಿ ಇಡುತ್ತಾರೆ. ಎಲ್ ಜಾಗದಲ್ಲಿ ಒಂದು, ಓ ಜಾಗದಲ್ಲಿ ಸೊನ್ನೆ ಹಾಕುತ್ತಾರೆ. ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದರೆ ಮಾತ್ರ ಗೊತ್ತಾದೀತು.

ಬ್ಯಾಂಕುಗಳ ವಿಷಯದಲ್ಲಿ ಈಚೆಗೆ ಒಂದು ಒಳ್ಳೆಯ ಕೆಲಸ ಆಗಿದೆ. 2025ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಆಜ್ಞೆ ಹೊರಡಿಸಿ, ಎಲ್ಲ ಬ್ಯಾಂಕುಗಳೂ ಅಕ್ಟೋಬರ್ 31ರೊಳಗೆ ತಮ್ಮ ವೆಬ್‌ಸೈಟುಗಳನ್ನು 'ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸಕ್ಕೆ ಬದಲಿಸಬೇಕೆಂದು ಹೇಳಿತು. ಆ ಬಾಲವನ್ನು ಬ್ಯಾಂಕಲ್ಲದವರಿಗೆ ಕೊಡುವುದಿಲ್ಲ. ಹಾಗಾಗಿ ಇಮೇಲಿನಲ್ಲಿ ಒತ್ತು ಅಂತ ಕೊಟ್ಟಿರುವ ಕೊಂಡಿ ನಿಮ್ಮನ್ನು ಬೇರೆ ಬಾಲದ ಜಾಗಕ್ಕೆ ಕರೆದುಕೊಂಡು ಹೋದರೆ ಅಲ್ಲಿಂದಲೇ ಹಿಂದಕ್ಕೆ ಬನ್ನಿ.

ಇನ್ನೊಂದು ಗುರುತು 'ರಿಪ್ಲೈ'. ಬಂದ ಕಾಗದದಲ್ಲಿ ಒಂದು ವಿಳಾಸ ಇರುತ್ತದೆ. ಉತ್ತರ ಬರೆಯೋಣ ಅಂತ ರಿಪ್ಲೈ ಒತ್ತಿದರೆ ಮೇಲೆ ಬೇರೆಯೇ ವಿಳಾಸ ಬಂದು ಕೂರುತ್ತದೆ. ಸಾಹೇಬರ ಹೆಸರಿನಲ್ಲಿ ಕಾಗದ ಬರೆದವನಿಗೆ ಉತ್ತರ ಸಾಹೇಬರಿಗೆ ಹೋದರೆ ಸುಖವಿಲ್ಲವಲ್ಲ! ದೊಡ್ಡ ಸಂಸ್ಥೆಗಳು ಕೆಲವು ಸಲ ಸಕಾರಣವಾಗಿಯೇ ಹೀಗೆ ಮಾಡುತ್ತವೆ. ಆದರೆ ಸರಕಾರದ ಹೆಸರಿನ ಕಾಗದಕ್ಕೆ ಉತ್ತರ ಯಾವುದೋ ಜಿಮೇಲ್ ಖಾತೆಗೆ ಹೋಗುತ್ತಿದ್ದರೆ ಅದನ್ನು ಕಸದ ಬುಟ್ಟಿಗೆ ಹಾಕಲು ಯೋಚಿಸಬೇಕಾಗಿಲ್ಲ.

ಎಲ್ಲಕ್ಕಿಂತ ಭಂಡತನದ್ದು ನಿಮ್ಮ ವಿಳಾಸದಿಂದ ನಿಮಗೇ ಬರುವ ಕಾಗದ. "ನೋಡು, ನಿನ್ನ ಖಾತೆಯಿಂದಲೇ ಬರೆಯುತ್ತಿದ್ದೇನೆ, ನಿನ್ನ ಕಂಪ್ಯೂಟರು ನನ್ನ ವಶದಲ್ಲಿದೆ, ನಿನ್ನ ವಿಡಿಯೋ ನನ್ನ ಹತ್ತಿರ ಇದೆ, ಬಿಟ್‌ಕಾಯಿನ್ ಕಳಿಸು" ಅಂತ. ಓದಿದ ಹುಡುಗರು ಎದೆ ಒಡೆದುಕೊಳ್ಳುತ್ತಾರೆ. ಅದು ಪುರಾವೆಯೇ ಅಲ್ಲ. ಇನ್‌ಲ್ಯಾಂಡ್ ಪತ್ರದ ಹಿಂದೆ ನಿಮ್ಮದೇ ಹೆಸರು ಬರೆದು ನಿಮಗೇ ಹಾಕಿದ್ದಾನೆ, ಅಷ್ಟೇ. ಪಾಸ್‌ವರ್ಡು ಬದಲಾಯಿಸಿ, ಕಾಗದ ಪೊಲೀಸರಿಗೆ ತೋರಿಸಿ, ಒಂದು ಪೈಸೆಯನ್ನೂ ಕಳಿಸಬೇಡಿ.

ಅಂಚೆಯ ಮುದ್ರೆ, ಅರಗಿನ ಮೊಹರು

ಸರಿ, ಕಳ್ಳ ಅಸಲಿ ವಿಳಾಸವನ್ನೇ ಅಕ್ಷರ ತಪ್ಪದೆ ಬರೆದರೆ? ಅದಕ್ಕೂ ಮದ್ದು ಇದೆ. ಲಕೋಟೆಯ ಮೇಲೆ ಯಾವ ಹೆಸರೇ ಇರಲಿ, ಅಂಚೆ ಕಚೇರಿಯ ಮುದ್ರೆ ಸುಳ್ಳು ಹೇಳುತ್ತಿರಲಿಲ್ಲ. 'ಬೆಂಗಳೂರಿಂದ' ಅಂತ ಬರೆದ ಪತ್ರದ ಮೇಲೆ ಪಕ್ಕದ ಹಳ್ಳಿಯ ಮುದ್ರೆ ಇದ್ದರೆ ಕಥೆ ಗೊತ್ತಾಗುತ್ತಿತ್ತು. ಇಮೇಲಿಗೂ ಹಾದುಬಂದ ದಾರಿಯ ಮುದ್ರೆಗಳು ಬೀಳುತ್ತವೆ. ಅವನ್ನು 'ಹೆಡರ್' ಅನ್ನುತ್ತಾರೆ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಕಾಗದದ ಬಲಮೂಲೆಯ ಮೂರು ಚುಕ್ಕೆ ಒತ್ತಿ, 'ಶೋ ಒರಿಜಿನಲ್' ಅನ್ನುವುದನ್ನು ಆರಿಸಿದರೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ. ಮುದ್ರೆಗಳು ಕೆಳಗಿನಿಂದ ಮೇಲಕ್ಕೆ ಬಿದ್ದಿರುತ್ತವೆ. ಕೆಳಗಿನವನ್ನು ಕಳ್ಳನೇ ಒತ್ತಿರಬಹುದು. ಮೇಲಿನದು ನಿಮ್ಮದೇ ಅಂಚೆ ಕಚೇರಿಯದು, ಅದನ್ನು ನಂಬಬಹುದು.

ಇಷ್ಟೆಲ್ಲ ಓದುವುದು ಎಲ್ಲರಿಗೂ ಆಗುವ ಮಾತಲ್ಲ. ಅದೇ ಪುಟದ ತಲೆಯಲ್ಲಿ ಮೂರು ಸಾಲು ಇರುತ್ತವೆ, ಅವನ್ನು ನೋಡಿದರೂ ಸಾಕು. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಹೆಸರು ಕೇಳಿ ಗಾಬರಿ ಬೇಡ. ಮೊದಲನೆಯದು ಪಟ್ಟಿ. "ನಮ್ಮ ಸಂಸ್ಥೆಯ ಕಾಗದ ಈ ಅಂಚೆ ಕಚೇರಿಗಳಿಂದ ಮಾತ್ರ ಹೊರಡುತ್ತದೆ" ಅಂತ ಸಂಸ್ಥೆಯೇ ಬಹಿರಂಗವಾಗಿ ಅಂಟಿಸಿದ ಪಟ್ಟಿ. ಎರಡನೆಯದು ಅರಗಿನ ಮೊಹರು. ದಾರಿಯಲ್ಲಿ ಯಾರಾದರೂ ತಿದ್ದಿದರೆ ಮೊಹರು ಒಡೆಯುತ್ತದೆ. ಮೂರನೆಯದು ಎರಡು ಕೆಲಸ ಮಾಡುತ್ತದೆ. ನಿಮ್ಮ ಕಣ್ಣಿಗೆ ಕಾಣುವ 'ಇಂದ' ವಿಳಾಸಕ್ಕೂ ಆ ಪಟ್ಟಿಗೋ ಮೊಹರಿಗೋ ತಾಳೆ ಬೀಳುತ್ತದೆಯೇ ಅಂತ ನೋಡುತ್ತದೆ, ಬೀಳದಿದ್ದರೆ ಏನು ಮಾಡಬೇಕು ಅನ್ನುವ ಯಜಮಾನನ ಆಜ್ಞೆಯನ್ನು ಹೇಳುತ್ತದೆ. ಸುಮ್ಮನೆ ಬಿಡು, ಸ್ಪ್ಯಾಮಿಗೆ ಹಾಕು, ಬಾಗಿಲಲ್ಲೇ ವಾಪಸು ಕಳಿಸು ಅಂತ ಆಜ್ಞೆ ಮೂರು ಥರ. ಮೂರೂ ಸಾಲಿನ ಮುಂದೆ 'ಪಾಸ್' ಅಂತಿದ್ದರೆ ಕಾಗದ ಆ ವಿಳಾಸದ್ದೇ. 'ಫೇಲ್' ಅಂತಿದ್ದರೆ ಸಂಶಯಪಡಬೇಕು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಕಂಪೆನಿಗಳು, ದಿನಕ್ಕೆ ಸಾವಿರಗಟ್ಟಲೆ ಇಮೇಲು ಕಳಿಸುವವರಿಗೆ ಈ ಮೂರೂ ಇರಲೇಬೇಕು ಅಂತ ಕಡ್ಡಾಯ ಮಾಡಿವೆ.

ಆದರೆ 'ಪಾಸ್' ಅಂದ ಮಾತ್ರಕ್ಕೆ ಕಳಿಸಿದವನು ಸತ್ಯಹರಿಶ್ಚಂದ್ರ ಅಂತ ಅಲ್ಲ. ಕಳ್ಳನೂ ಹಣ ಕೊಟ್ಟು ಒಂದು ವಿಳಾಸ ಕೊಂಡು, ಪಟ್ಟಿ ಅಂಟಿಸಿ, ಮೊಹರು ಹಾಕಿ ಕಳಿಸಬಹುದು. ಆಗ ಸಿಗುವ ಅಭಯ ಇಷ್ಟೇ: ಇದು ಕಳ್ಳನ ಮನೆಯಿಂದಲೇ ಬಂದದ್ದು ನಿಜ! ಅಸಲಿ ಮನುಷ್ಯನ ಖಾತೆಯ ಪಾಸ್‌ವರ್ಡು ಕದ್ದು ಅಲ್ಲಿಂದ ಬರೆದರೂ ಎಲ್ಲವೂ ಪಾಸೇ. ಹಾಗಾಗಿ ಹಣದ ಮಾತು ಬಂದಲ್ಲಿ ಇಮೇಲನ್ನು ಇಮೇಲಿನಿಂದ ಪರೀಕ್ಷೆ ಮಾಡಬೇಡಿ. ಫೋನು ಎತ್ತಿ. ಆ ಕಾಗದದಲ್ಲಿ ಕೊಟ್ಟ ನಂಬರಿಗಲ್ಲ, ನಿಮ್ಮ ಡೈರಿಯಲ್ಲಿ ಮೊದಲಿಂದ ಇರುವ ನಂಬರಿಗೆ.

ಈ ಮಾತು ನಮ್ಮ ಪೇಟೆಯ ಮಂಡಿ ವರ್ತಕರಿಗೆ, ಗಿರಣಿ ಮಾಲೀಕರಿಗೆ ವಿಶೇಷವಾಗಿ ಅನ್ವಯಿಸುತ್ತದೆ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣ ಹೊಸ ಖಾತೆಗೆ ಹಾಕಿ" ಅಂತ ಹಳೇ ಪಾರ್ಟಿಯ ಹೆಸರಲ್ಲಿ ಇಮೇಲು ಬರುತ್ತದೆ. ವರ್ಷಗಟ್ಟಲೆ ವ್ಯವಹಾರ ಇದ್ದವರು, ಸಂಶಯ ಏಕೆ ಅಂತ ಹಾಕಿಬಿಡುತ್ತಾರೆ. ನಾವೇನು ದಡ್ಡರೇ ಅಂತ ಮೀಸೆ ತಿರುವುವವರು ಈ ಕಥೆ ಕೇಳಲಿ. ಲಿಥುವೇನಿಯಾದ ಎವಾಲ್ಡಸ್ ರಿಮಾಸೌಸ್ಕಸ್ ಎಂಬಾತ ತೈವಾನಿನ ಕಂಪ್ಯೂಟರ್ ತಯಾರಕ ಕಂಪೆನಿಯೊಂದರ ಹೆಸರಲ್ಲೇ ಇನ್ನೊಂದು ಕಂಪೆನಿ ನೋಂದಾಯಿಸಿ, ಅವರೇ ಬರೆದ ಹಾಗೆ ಇಮೇಲು ಬರೆದು, ಸುಳ್ಳು ಬಿಲ್ಲು ಕಳಿಸಿ, 2013ರಿಂದ 2015ರವರೆಗೆ ವಸೂಲು ಮಾಡಿದ್ದು 12 ಕೋಟಿ ಡಾಲರಿಗೂ ಮಿಕ್ಕಿ. ಟೋಪಿ ಹಾಕಿಸಿಕೊಂಡವರು ಯಾರು? ಗೂಗಲ್ ಮತ್ತು ಫೇಸ್‌ಬುಕ್! 2019ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅವನಿಗೆ 5 ವರ್ಷ ಜೈಲು ವಿಧಿಸಿತು. ಇಮೇಲನ್ನು ಅರೆದು ಕುಡಿದವರೇ ಬಿದ್ದ ಗುಂಡಿ ಅದು. ನಮ್ಮ ಅಂಗಡಿಯ ಗುಮಾಸ್ತ ಬಿದ್ದರೆ ಅವನನ್ನು ಬೈದು ಪ್ರಯೋಜನವಿಲ್ಲ. ಖಾತೆ ಬದಲಾದರೆ ಫೋನು ಮಾಡಿ ಕೇಳದೆ ಹಣ ಹಾಕಕೂಡದು ಅಂತ ಮಾಲೀಕನೇ ಕಟ್ಟಳೆ ಮಾಡಬೇಕು.

ಕಚೇರಿಗಳೇ ಜಿಮೇಲಿನಲ್ಲಿ ಕೂತರೆ?

ಈಗ ಅಸಲು ವಿಷಯಕ್ಕೆ ಬರೋಣ. ಸರಕಾರದ ಕಾಗದ 'ಗವ್ ಡಾಟ್ ಇನ್'ನಿಂದಲೇ ಬರಬೇಕು ಅಂತ ಜನಕ್ಕೆ ಪಾಠ ಹೇಳಿದೆವು. ಹೇಳುವಾಗಲೇ ನಾಲಿಗೆ ತಡವರಿಸುತ್ತದೆ. ಯಾಕೆಂದರೆ ನಮ್ಮ ಊರಿನ ಕಚೇರಿಗಳ ಬಾಗಿಲಿನ ಬೋರ್ಡು ನೋಡಿ, ಲೆಟರ್‌ಹೆಡ್ಡು ನೋಡಿ, ಟೆಂಡರ್ ಪ್ರಕಟಣೆ ನೋಡಿ. ಎಷ್ಟು ಕಡೆ ಜಿಮೇಲ್ ವಿಳಾಸ! ಪಂಚಾಯಿತಿಯದು ಜಿಮೇಲು, ಸರಕಾರಿ ಶಾಲೆಯದು ಜಿಮೇಲು, ಸಹಕಾರ ಸಂಘದ್ದು ಜಿಮೇಲು. ಹಿಂದಿನ ಅಧಿಕಾರಿ ತೆರೆದ ಖಾತೆ, ಪಾಸ್‌ವರ್ಡು ಕಂಪ್ಯೂಟರ್ ಆಪರೇಟರ್ ಹುಡುಗನ ಹತ್ತಿರ, ಹುಡುಗ ಕೆಲಸ ಬಿಟ್ಟು ಹೋಗಿ ವರ್ಷವಾಯಿತು. ಇದು ಸರಕಾರಿ ಕಾರಭಾರ!

ಜಿಮೇಲಿನಲ್ಲಿ ನಿಮ್ಮ ಪಂಚಾಯಿತಿಯ ಹೆಸರಿಗೆ ಒಂದು ಅಂಕಿ ಸೇರಿಸಿ ಯಾವ ಪಡ್ಡೆ ಹುಡುಗ ಬೇಕಾದರೂ ಐದು ನಿಮಿಷದಲ್ಲಿ ಖಾತೆ ತೆರೆಯುತ್ತಾನೆ. ಅವನ ಕಾಗದಕ್ಕೂ ಪಿಡಿಒ ಸಾಹೇಬರ ಕಾಗದಕ್ಕೂ ವ್ಯತ್ಯಾಸ ಕಂಡುಹಿಡಿಯುವುದು ಬ್ರಹ್ಮನಿಗೂ ಆಗೋಲ್ಲ. ಎರಡಕ್ಕೂ ಮೂರೂ ಪರೀಕ್ಷೆ ಪಾಸು! ಸರಕಾರಿ ವ್ಯವಹಾರಕ್ಕೆ ಸರಕಾರದ್ದೇ ಇಮೇಲು ಬಳಸಬೇಕು ಅಂತ ಕೇಂದ್ರ ಸರಕಾರ 2015ರಲ್ಲೇ ನೀತಿ ಪ್ರಕಟಿಸಿದೆ. ನಿಕ್ ಸಂಸ್ಥೆಯ ಕಚೇರಿ ಜಿಲ್ಲಾ ಕೇಂದ್ರದಲ್ಲೇ ಇದೆ. ಜಿಲ್ಲಾಧಿಕಾರಿಗಳ ಕಚೇರಿಯಿಂದ ಪಂಚಾಯಿತಿ ಮೇಜಿನವರೆಗೆ ಆ ನೀತಿ ಬರಲು ಎಷ್ಟು ದಿನ ಬೇಕು ಸ್ವಾಮಿ? ನಕಲಿ ಯಾವುದು ಅಂತ ಪ್ರಜೆ ಗುರುತಿಸಬೇಕಾದರೆ ಅಸಲಿ ಯಾವುದು ಅಂತ ಸರಕಾರ ಮೊದಲು ತೋರಿಸಬೇಡವೇ?

ಖಾಸಗಿಯವರದೂ ಹಣೆಬರಹ ಇದೇ. ಸ್ವಂತ ವಿಳಾಸ ಕೊಂಡ ಕಾಲೇಜು, ಸೊಸೈಟಿ, ಆಸ್ಪತ್ರೆಗಳವರು ಪಟ್ಟಿಯನ್ನೂ ಅಂಟಿಸಬೇಕು, ಮೊಹರನ್ನೂ ಮಾಡಿಸಬೇಕು. ಡಿಮಾರ್ಕಿನಲ್ಲಿ 'ಸುಮ್ಮನೆ ಬಿಡು' ಅಂತ ಇಟ್ಟಿದ್ದರೆ ಅದು ಕಾವಲುಗಾರನಿಗೆ ಮಲಗಿಕೋ ಅಂದ ಹಾಗೆ. ಪರೀಕ್ಷಿಸಿ ನೋಡಿ, ತಮ್ಮ ಅಸಲಿ ಕಾಗದಗಳಿಗೆ ಅಡ್ಡಿಯಾಗದ ಹಾಗೆ ಸರಿಮಾಡಿಕೊಂಡು, 'ವಾಪಸು ಕಳಿಸು'ವಿಗೆ ಬರಬೇಕು. ಇದಕ್ಕೆ ಕಟ್ಟಡ ಕಟ್ಟಬೇಕಾಗಿಲ್ಲ, ಗ್ರಾಂಟು ಬೇಕಾಗಿಲ್ಲ. ತಿಳಿದವನನ್ನು ಕೂರಿಸಿ ನಾಲ್ಕು ಸಾಲು ಬರೆಸಿದರೆ ಆಯಿತು.

ಕಾಯಿದೆ ಇದೆ, ಠಾಣೆಯೂ ಇದೆ

ಕಾನೂನಿನ ಮಾತು. ಐಟಿ ಕಾಯಿದೆಗೆ 2008ರಲ್ಲಿ 66ಎ ಎಂಬ ಕಲಮು ಸೇರಿಸಿದರು. ಅದರ ಒಂದು ತುದಿಯಲ್ಲಿ, ಎಲ್ಲಿಂದ ಬಂತು ಅನ್ನುವುದರ ಬಗ್ಗೆ ದಾರಿ ತಪ್ಪಿಸುವ ಇಮೇಲು ಕಳಿಸುವುದು ಅಪರಾಧ ಅಂತಲೂ ಇತ್ತು. ಅದೇ ಕಲಮಿನ ಉಳಿದ ಭಾಗವನ್ನು ಪೊಲೀಸರು ಬಾಯಿ ಇದ್ದವರ ಮೇಲೆಲ್ಲ ಬೀಸಿದರು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಇಡೀ ಕಲಮನ್ನೇ ರದ್ದು ಮಾಡಿತು. ಸರಿಯಾದ ಕೆಲಸವೇ. ಆದರೆ ಕಳ್ಳರು ಖುಷಿಪಡಬೇಕಾಗಿಲ್ಲ. ಬೇರೆಯವರ ವೇಷ ಹಾಕಿ ಕಂಪ್ಯೂಟರಿನ ಮೂಲಕ ವಂಚಿಸುವವನಿಗೆ 66ಡಿ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಮಿನಲ್ಲಿ ವೇಷಧಾರಿ ವಂಚನೆಗೆ ಐದು ವರ್ಷದವರೆಗೂ ಇದೆ.

ಜಿಲ್ಲೆಗಳಲ್ಲಿ ಸೈಬರ್ ಅಪರಾಧಕ್ಕೆಂದೇ ಸೆನ್ ಠಾಣೆಗಳಿವೆ. ಐಟಿ ಕಾಯಿದೆಯ ಕೇಸನ್ನು ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದವರೇ ತನಿಖೆ ಮಾಡಬೇಕು. ಇದನ್ನೇ ನೆಪ ಮಾಡಿಕೊಂಡು ಹಳ್ಳಿಯ ಠಾಣೆಯವರು ದೂರು ತಂದ ಮುದುಕನನ್ನು ಬಸ್ಸು ಹತ್ತಿಸಿ ಕಳಿಸಿದರೆ, ಅವನು ಜಿಲ್ಲಾ ಕೇಂದ್ರ ತಲುಪುವ ಹೊತ್ತಿಗೆ ಹಣ ನಾಲ್ಕು ಖಾತೆ ದಾಟಿರುತ್ತದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಆ ಮುದುಕನನ್ನು ಕೂರಿಸಿ, ಠಾಣೆಯ ಫೋನಿನಿಂದಲೇ 1930ಕ್ಕೆ ಕರೆ ಮಾಡಿಸಬೇಕು. ಆ ನಂಬರಿಗೆ ಬೇಗ ಹೇಳಿದರೆ ಹಣ ಹೋದ ಖಾತೆಯಲ್ಲೇ ಅದನ್ನು ತಡೆಹಿಡಿಸುವ ಏರ್ಪಾಡು ಇದೆ. ಇದನ್ನು ಎಸ್ಪಿ ಸಾಹೇಬರು ಪ್ರತಿ ಠಾಣೆಗೂ ಬರೆದು ತಿಳಿಸಲಿ.

ಓದುಗರು ಒಂದು ಮಾತು ನೆನಪಿಟ್ಟರೆ ಸಾಕು. ಆದಾಯ ತೆರಿಗೆ ಇಲಾಖೆ ನಿಮ್ಮ ಪಿನ್ ನಂಬರು, ಪಾಸ್‌ವರ್ಡು ಇಮೇಲಿನಲ್ಲಿ ಕೇಳುವುದಿಲ್ಲ. 2019ರ ಅಕ್ಟೋಬರ್ 1ರಿಂದ ಅದರ ನೋಟೀಸುಗಳಿಗೆ ಒಂದು ಗುರುತಿನ ಸಂಖ್ಯೆ ಹಾಕುವುದು ಕಡ್ಡಾಯವಾಗಿದೆ. ಇಲಾಖೆಯ ವೆಬ್‌ಸೈಟಿನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ಅಲ್ಲೇ ಗೊತ್ತಾಗುತ್ತದೆ. ವಾರಂಟನ್ನು ಹೀಗೆ ಇಮೇಲಿಗೆ ಕಳಿಸಿ, ದುಡ್ಡು ಹಾಕಿದರೆ ಬಿಡುತ್ತೇವೆ ಅನ್ನುವ ಪೊಲೀಸು ಭಾರತದಲ್ಲಿಲ್ಲ. ಅಂಥ ಕಾಗದ ಬಂದರೆ ಅಳಿಸಬೇಡಿ, ಹೆದರಬೇಡಿ, ಮುಚ್ಚಿಡಬೇಡಿ. ಮನೆಯವರಿಗೆ ತೋರಿಸಿ. ಮುಚ್ಚಿಟ್ಟಷ್ಟೂ ಕಳ್ಳನಿಗೆ ಅನುಕೂಲ.

ಜಿಲ್ಲಾಧಿಕಾರಿಗಳಿಗೆ ನಮ್ಮ ಕೋರಿಕೆ ಒಂದೇ ಸಾಲಿನದು. ಜಿಲ್ಲೆಯ ಎಲ್ಲ ಕಚೇರಿಗಳ ಅಸಲಿ ಇಮೇಲ್ ವಿಳಾಸಗಳ ಪಟ್ಟಿಯನ್ನು ಪ್ರಕಟಿಸಿ, ಪಂಚಾಯಿತಿ ಗೋಡೆಗೆ ಅಂಟಿಸಿ, ಆ ಪಟ್ಟಿಯಲ್ಲಿ ಒಂದು ಜಿಮೇಲೂ ಇಲ್ಲದ ಹಾಗೆ ನೋಡಿಕೊಳ್ಳಿ. ಈ ಕೋರಿಕೆಯನ್ನು ಹೆಸರು, ವಿಳಾಸ ಸಮೇತ ಅಚ್ಚು ಹಾಕಿದ್ದೇವೆ. ಮೂಕರ್ಜಿ ಅಂತ ಕಡತದ ಅಡಿಗೆ ತಳ್ಳಲು ಇದರಲ್ಲಿ ನೆಪ ಸಿಗುವುದಿಲ್ಲ.